ಅಪ್ಪಣೆ ಮುಗಿದ ಕಾಯಿಗಳು

“ನಿನ್ನ ಕಾಲಿಗೆ ಬೀಳ್ತೀನಿ ಅಂದ್ಕಂಡ್ಯಾ? ಬೀಳಲ್ಲ!” ಎಂದು ಕೂಗಿದೆ ನಾನು. “ಹನ್ನೆರಡು ವರ್ಷ ನಿಮ್ಮವ್ವ ಒಂದು ಮಾತಾಡ್ಲಿಲ್ಲ. ಅವರು ಹೋಗಿ ಇನ್ನೂ ಮೂರು ತಿಂಗಳಾಗಿಲ್ಲ, ಆಗ್ಲೇ ನಿನಗೆ ಮುತ್ತಜ್ಜಿ ಮೇಲೆ ಪ್ರೀತಿ ಉಕ್ಕಿ ಬಂತಾ?”

“ಮೆಲ್ಲಗೆ ಮಾತಾಡಿ ತಿಮ್ಮಾಜಕ್ಕ. ಒಳಗೆ ಮಗಳು ಓದ್ಕತಾ ಅವಳೆ,” ಎಂದ ಕೆಂಪರಾಜು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಕೂತುಕೊಳ್ಳಿ ಎಂದೂ ಹೇಳಿರಲಿಲ್ಲ.

“ಓದ್ಲಿ ಬುಡು. ಅವಳಪ್ಪ ಹದಿನಾಲ್ಕು ಹೆಂಗಸರ ಕೆಲಸ ಕಿತ್ಕಂಡ ಅನ್ನೋದನ್ನೂ ಓದ್ಕಳ್ಳಿ.”

“ಅವಳಿಗೋಸ್ಕರಾನೇ ಕಣಕ್ಕ!” ಈಗ ಅವನ ದನಿಯೂ ಏರಿತು. “ಇಸ್ಕೂಲಲ್ಲಿ ಅವಳನ್ನ ಏನಂತ ಕರೀತಾರೆ ಗೊತ್ತಾ ನಿಮಗೆ? ಮುಳುಗಿ. ಏ ಮುಳುಗಿ, ಬಾರೇ. ಏ ಮುಳುಗಿ, ಪೆನ್ಸಿಲ್ ಕೊಡೇ. ಮೇಷ್ಟ್ರು ಹಾಜರಿ ಕೂಗುವಾಗ ಇವಳ ಹೆಸರು ಬಂದ್ರೆ ಸಾಕು, ಹಿಂದಿನ ಬೆಂಚಿಂದ ಟಕ್ ಅಂತ ಸದ್ದು ಮಾಡ್ತಾರಂತೆ. ನಮ್ಮ ಮಾಳವ್ವಜ್ಜಿ ಹೊಳೇಲಿ ಮುಳುಗಿದ್ದು ಒಂದೇ ಸಲ. ನೀವು ಅವಳನ್ನ ದಿನಾ ಸಾಯಂಕಾಲ ಮನೆಮನೇಲೂ ಮುಳುಗಿಸ್ತಾ ಇದ್ದೀರಿ. ಅವ್ವ ಸುಮ್ಮನಿದ್ಲು, ನಾನಿರಲ್ಲ. ಇನ್ನು ಅಪ್ಪಣೆ ಕೊಡಲ್ಲ. ಹೋಗಿ ಬನ್ನಿ.”

ನಾನು ಅವನ ಹೊಸಿಲಿಗೆ ಒದ್ದು ಬಂದೆ. ಹೆಬ್ಬೆರಳು ಊದಿಕೊಂಡು ಒಂದು ವಾರ ಕುಂಟಿದೆ.

ಅವನು ಹೇಳಿದ್ದು ನಮ್ಮ ಕಾರ್ಖಾನೆಯಲ್ಲಿ ಮಾಡುವ, ಹೊಳೆ ದಾಟಿಸುವ ‘ಕಡವು’ ಎಂಬ ಹಲಗೆಯಾಟದ ವಿಷಯ. ಅದನ್ನು ನಾಲ್ಕು ಜನ ಆಡಬಹುದು. ಒಬ್ಬೊಬ್ಬರಿಗೂ ದೋಣಿ ನಡೆಸುವ ಮಾಳವ್ವನ ಕಾಯಿ ಒಂದು, ಅವಳು ದಾಟಿಸಬೇಕಾದ ಜನರ ಕಾಯಿ ನಾಲ್ಕು. ಕವಡೆ ಹಾಕಿ, ಗರ ಬಿದ್ದಷ್ಟು ಮನೆ ನಡೆಸಿ, ನಾಲ್ವರನ್ನೂ ಆಚೆ ದಡ ಮುಟ್ಟಿಸಿದವರು ಗೆದ್ದ ಹಾಗೆ. ಆದರೆ ಆರು ಕವಡೆಯೂ ಬೋರಲು ಬಿದ್ದರೆ ಮಾಳವ್ವ ಮುಳುಗಿದಳು. ಹಲಗೆಯ ನಡುವೆ ಒಂದು ಗುಂಡಿ ಇದೆ, ಅದರ ಕೆಳಗೆ ಮರದ ಬಟ್ಟಲು. ಅವಳನ್ನು ಅದರೊಳಗೆ ಹಾಕಬೇಕು. ಟಕ್ ಎನ್ನುತ್ತದೆ. ಉಳಿದವರು ಅವಳಿಲ್ಲದೆ ಒಂದೊಂದೇ ಮನೆ ತೆವಳಿಕೊಂಡು ದಾಟಬೇಕು. ಆ ಸದ್ದು ಕೇಳಿದರೆ ಒಲೆಯ ಮುಂದೆ ಇದ್ದವರೂ ಎದ್ದು ಬರುತ್ತಿದ್ದರು. ಮಕ್ಕಳು ‘ಮುಳುಗಿದ್ಲು!’ ಎಂದು ಕಿರುಚುತ್ತಿದ್ದರು. ಆಟ ಮಾರಾಟವಾಗುತ್ತಿದ್ದದ್ದೇ ಆ ಕಿರುಚಾಟದಿಂದ. ಮಾಳವ್ವ ಕೆಂಪರಾಜುವಿನ ಮುತ್ತಜ್ಜಿ. ಹೊಳೆ ಉಕ್ಕಿದ ವರ್ಷ ಊರಿನ ಅರ್ಧ ಜನರನ್ನು ದಾಟಿಸಿ, ಕೊನೆಯ ಸಲ ಖಾಲಿ ದೋಣಿ ತರುವಾಗ ಹೋದವಳು. ಕಥೆ ಊರಿಗೆಲ್ಲ ಗೊತ್ತಿದ್ದರೂ ಅದು ಆ ಮನೆಯ ಕಥೆ. ಹಾಗಾಗಿ ಅವನ ತಾಯಿಯ ಕೈಯಲ್ಲಿ ಹನ್ನೆರಡು ವರ್ಷಕ್ಕೆ ಅಪ್ಪಣೆ ಬರೆಸಿಕೊಂಡಿದ್ದೆ.

ನಮ್ಮೂರಲ್ಲಿ ಅಪ್ಪಣೆ ಇರುವ ತನಕ ಕಾಯಿ ಹಲಗೆಯ ಮೇಲೆ ನಿಲ್ಲುತ್ತದೆ. ಮುಗಿದ ದಿನ ಜರುಗಲು ಶುರು ಮಾಡುತ್ತದೆ. ಕಥೆಯ ಕಾಯಿಯಾದರೆ ಕಥೆಯ ಮನೆಗೆ, ಯಾರದಾದರೂ ಮುಖದ ಕಾಯಿಯಾದರೆ ಆ ಮುಖದವರ ಬಳಿಗೆ. ಆಟ ಮಾಡಿ ಮಾರುವ ಮನೆಗಳು ಊರಲ್ಲಿ ಐದಿವೆ, ಎಲ್ಲರಿಗೂ ಇದು ಒಮ್ಮೆಯಾದರೂ ಬಂದದ್ದೇ. ಸೀಬೇಗೌಡ ಎಂಬವನು ತನ್ನ ಕುಸ್ತಿ ಆಟದ ಅಪ್ಪಣೆ ಮುಗಿಯುವ ಹೊತ್ತಿಗೆ ಕಾಯಿಗಳನ್ನೆಲ್ಲ ಅರಗಿನಿಂದ ಹಲಗೆಗೆ ಅಂಟಿಸಿ ಮಾರಿದ. ಹಲಗೆ ಸಮೇತ ಹೋದವು. ಇನ್ನೊಬ್ಬರು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ಮೂರು ದಿನ ಬೀರು ಒಳಗಿನಿಂದ ಕುಟ್ಟಿಸಿಕೊಂಡಿತು, ನಾಲ್ಕನೆಯ ದಿನ ಮನೆಯವರೇ ತಲೆನೋವು ತಾಳದೆ ಬಾಗಿಲು ತೆಗೆದರು. ಈಗ ಯಾರೂ ಅಂಥದ್ದಕ್ಕೆ ಹೋಗುವುದಿಲ್ಲ. ಅಪ್ಪಣೆ ಮುಗಿಯುವ ದಿನ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದು, ಬಾಗಿಲು ಹಾಕಿಕೊಳ್ಳದ ಹಾಗೆ ಒಂದು ಇಟ್ಟಿಗೆ ಕೊಟ್ಟು ಗದ್ದೆಗೋ ಅಂಗಡಿಗೋ ಹೊರಟುಬಿಡುತ್ತಾರೆ. ಅಂಥ ದಿನ ಬೀದಿಯಲ್ಲಿ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ. ನಾಯಿಗಳು ಬೊಗಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಪದ್ಧತಿಯ ಪ್ರಕಾರ ನಮಗೆ ಮೂರು ಅಮಾವಾಸ್ಯೆಯ ಗಡುವು ಸಿಕ್ಕಿತು. ಇರುವ ಕಾಯಿ ಮಾರಬಹುದು, ಹೊಸದು ಕಡೆಯುವಂತಿಲ್ಲ. ಹೋಗುವ ಕಾಯಿ ಎಂದು ಗೊತ್ತಿದ್ದೂ ಜನ ಕೊಂಡರು. “ಮೂರು ತಿಂಗಳಿಗೆ ನಮ್ಮತ್ತೆ ಇರ್ತಾರೋ ಇಲ್ವೋ, ಕಾಯಿ ಹೋದ್ರೆ ಹೋಗ್ಲಿ ಕೊಡಿ,” ಎಂದಳು ಒಬ್ಬಳು. ಡಬ್ಬಿಗಳು ಖಾಲಿಯಾಗುತ್ತಿದ್ದ ಹಾಗೆ ಕಾರ್ಖಾನೆಯಲ್ಲಿ ಕೆಲಸವೂ ಖಾಲಿಯಾಗತೊಡಗಿತು. ನಾಲ್ಕು ಲೇತ್ ಯಂತ್ರಗಳಲ್ಲಿ ಮೂರು ನಿಂತವು. ಹದಿನಾಲ್ಕು ಜನ ಹೆಂಗಸರು ಬೆಳಿಗ್ಗೆ ಬಂದು, ಗುಡಿಸಿದ್ದನ್ನೇ ಗುಡಿಸಿ, ಅರಗಿನ ಬಣ್ಣದ ಕಡ್ಡಿಗಳನ್ನು ಜೋಡಿಸಿದ್ದನ್ನೇ ಜೋಡಿಸಿ, ನನ್ನ ಮುಖ ನೋಡುತ್ತಿದ್ದರು. ನಾನು ಕೂತಲ್ಲಿ ಕೂರಲಾರದೆ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದೆ. ಅವರಲ್ಲಿ ಹಿರಿಯಳು ಚಿಕ್ಕತಾಯಮ್ಮ. ಅವಳೊಬ್ಬಳೇ ಬಾಯಿಬಿಟ್ಟು ಕೇಳಿದಳು: “ಅಕ್ಕ, ಬೇಸಿಗೆ ರಜಕ್ಕೆ ಹೊಸ ಆಟ ಬಂದ್ರೆ ನಾವು ಉಳ್ಕತೀವಿ. ಇಲ್ಲಾಂದ್ರೆ ಈಗಲೇ ಹೇಳ್ಬುಡಿ, ಇಟ್ಟಿಗೆ ಗೂಡಿಗೆ ಹೋಗ್ತೀವಿ. ಅಲ್ಲಿ ಸಂಕ್ರಾಂತಿ ಕಳೆದ್ರೆ ಜಾಗ ಇರಲ್ಲ.”

“ಬರುತ್ತೆ. ಯಾರೂ ಎಲ್ಲಿಗೂ ಹೋಗ್ಬ್ಯಾಡಿ,” ಎಂದೆ. ಹೇಳಿದ್ದು ನಾನು, ಮಾಡಬೇಕಾದವರು ಹೊಂಬಾಳಯ್ಯ.

ಹೊಂಬಾಳಯ್ಯ ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತವರು. ಆಟ ಕಟ್ಟುವುದೂ ಅವರೇ, ಕಾಯಿಗೆ ಮುಖ ಬರೆಯುವುದೂ ಅವರೇ. ಅರವತ್ತು ದಾಟಿದೆ, ಹೆಂಡತಿ ಮಕ್ಕಳಿಲ್ಲ, ಕುಂಬಾರಗೇರಿಯಲ್ಲಿ ಒಂದು ಬಾಡಿಗೆ ಕೋಣೆ. ನನ್ನ ಗಂಡ ತೀರಿಕೊಂಡಾಗ ನಾನು ಅವನ ಲೇತ್ ಮಾರಲು ಗಿರಾಕಿ ಕರೆತಂದಿದ್ದೆ. ಹೊಂಬಾಳಯ್ಯ ಆ ಗಿರಾಕಿಯ ಜೊತೆ ಸುಮ್ಮನೆ ನೋಡಲು ಬಂದವರು. “ಇದನ್ನ ಮಾರಬ್ಯಾಡಿ ಅಮ್ಮ, ಇದರಲ್ಲಿ ಚೆಂದಾಗಿ ಕಾಯಿ ಕಡೀಬಹುದು,” ಎಂದು ಹೇಳಿ, ಮಾರನೆಯ ದಿನದಿಂದ ತಾವೇ ಬಂದು ಕೂತರು. ನಾನು ಬೈದರೆ ನಗುತ್ತಿದ್ದರು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

“ಆಟದ ಲೆಕ್ಕ ಇರೋ ಹಂಗೇ ಇರ್ಲಿ,” ಎಂದೆ ಅವರಿಗೆ. “ಮನೆ, ಗರ, ಗುಂಡಿ ಎಲ್ಲಾ ನಿಮ್ಮವು, ಅದಕ್ಕೆ ಯಾರ ಹಂಗೂ ಇಲ್ಲ. ಕಾಯಿ ಮಾತ್ರ ಬದಲಾಯಿಸಿ. ಯಾರದೂ ಅಲ್ಲದ ಮುಖ ಬರೀರಿ.”

“ಯಾರದೂ ಅಲ್ಲದ ಮುಖ ಅಂದ್ರೆ ಹೆಂಗಿರುತ್ತಮ್ಮ?”

“ಅದನ್ನ ನನ್ನ ಕೇಳ್ತೀರಾ? ಏಳನೇ ಕ್ಲಾಸು ಓದಿದೋಳು ನಾನು. ನೀವು ಬರೆಯೋರು.”

ದೋಣಿಯಲ್ಲಿ ದಾಟುವ ನಾಲ್ವರ ಬದಲು ಅವರು ಸಾಮಾನು ಮಾಡಿದರು: ಒಂದು ಕುಂಬಳಕಾಯಿ, ಒಂದು ಟ್ರಂಕು, ಒಂದು ತೊಟ್ಟಿಲು, ಒಂದು ಮೇಕೆ. ಕುಂಬಳಕಾಯಿಗೆ ಯಾರ ಅಪ್ಪಣೆ? ಚೆನ್ನಾಗಿಯೇ ನಿಂತವು. ಮೇಕೆ ಮಾತ್ರ ಮೊದಲ ದಿನವೇ ಜರುಗಿ ಮೇಗಲ ಬೀದಿಯ ಪುಟ್ಟಮಾದಿಯ ಕೊಟ್ಟಿಗೆ ಸೇರಿತು. ಅವಳ ಮೇಕೆಗೂ ಎಡಗಿವಿ ಬೆಳ್ಳಗಿತ್ತು. ಕಿವಿಗೆ ಕಪ್ಪು ಬಳಿದ ಮೇಲೆ ನಿಂತಿತು.

ತೊಂದರೆ ಬಂದದ್ದು ದೋಣಿಯವಳ ಕಾಯಿಯಿಂದ. ಹೊಂಬಾಳಯ್ಯ ಒಂದು ಮುಖ ಬರೆದು, ಒಣಗಿಸಿ, ಕಾಯಿಯನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಾವೆಲ್ಲ ಸುತ್ತ ನಿಂತು ಉಸಿರು ಬಿಗಿಹಿಡಿದು ನೋಡುವುದು. ಅರ್ಧ ಗಂಟೆಗೆಲ್ಲ ಅದು ಮೈ ಮುರಿದ ಹಾಗೆ ಒಮ್ಮೆ ಅಲುಗಿ ಬಾಗಿಲ ಕಡೆ ಹೊರಡುತ್ತಿತ್ತು. ಮೊದಲನೆಯದು ಸೂಲಗಿತ್ತಿಯ ಬಳಿಗೆ ಹೋಯಿತು. ಎರಡನೆಯದು ಹಿಟ್ಟಿನ ಗಿರಣಿಯ ದ್ಯಾವಮ್ಮನ ಬಳಿಗೆ. ನಾನು ಅದರ ಹಿಂದೆಯೇ ಹೋದೆ. ದ್ಯಾವಮ್ಮ ಹಿಟ್ಟು ಮೆತ್ತಿದ ಕೈಯಲ್ಲಿ ಕಾಯಿ ಎತ್ತಿ ನೋಡಿದಳು.

“ನನ್ನ ಮೂಗು ಇಷ್ಟು ದಪ್ಪ ಐತಾ ತಿಮ್ಮಾಜಕ್ಕ?”

“ಇಲ್ಲ ಬುಡು, ಬರೆಯೋವಾಗ ಕೈ ಜಾರೈತೆ. ಒಂದು ಅಪ್ಪಣೆ ಕೊಡು ತಾಯಿ.”

ಕೊಟ್ಟಳು. ಚೀಟಿಗೆ ಸಹಿಯನ್ನೂ ಹಾಕಿದಳು. ಕಾಯಿ ಮತ್ತೆ ಮೇಜಿನ ಮೇಲೆ ಇಟ್ಟರೆ ಮತ್ತೆ ಗಿರಣಿಗೆ ಹೋಯಿತು. ಮೂಗಿನ ವಿಷಯ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಚೀಟಿ ಏನಿದ್ದರೂ ನಮ್ಮ ಸಮಾಧಾನಕ್ಕೆ. ಕಾಯಿ ನಿಲ್ಲುವುದು ಮನಸ್ಸಿಗೆ. ಹೀಗೆ ಏಳು ಮುಖ ಹೋದವು. ಹೊಂಬಾಳಯ್ಯ ಏನು ಬರೆದರೂ ಅದು ಊರಿನ ಯಾವುದೋ ಹೆಂಗಸಿನದಾಗಿರುತ್ತಿತ್ತು. “ಅರವತ್ತು ವರ್ಷ ಕಂಡದ್ದು ಇವೇ ಮುಖ ಅಮ್ಮ, ಬೇರೆ ಎಲ್ಲಿಂದ ತರ್ಲಿ?” ಎನ್ನುತ್ತಿದ್ದರು. ನಾನು ಬೈಯುತ್ತಿದ್ದೆ. ಅವರು ನಗುತ್ತಿದ್ದರು.

ಮೂರನೆಯ ಅಮಾವಾಸ್ಯೆಯ ಮಾರನೆಯ ದಿನ ಮಾಳವ್ವನ ಕಾಯಿಗಳು ಹೊರಟವು. ಬೆಳಿಗ್ಗೆ ಎಂಟಕ್ಕೆ ಬೀದಿಗೆ ಬಂದು ನೋಡಿದರೆ ಮನೆಮನೆಯ ಮೆಟ್ಟಿಲಿಂದ ಇಳಿಯುತ್ತಿವೆ. ಚರಂಡಿಯ ಅಂಚು ಹಿಡಿದು, ಎತ್ತಿನ ಗಾಡಿಯ ಚಕ್ರಕ್ಕೆ ಸಿಕ್ಕದ ಹಾಗೆ ಒಂದರ ಹಿಂದೆ ಒಂದು. ಹನ್ನೆರಡು ವರ್ಷದ ಕೆಲಸ. ಕೆಲವಕ್ಕೆ ಬಣ್ಣ ಹೋಗಿತ್ತು, ಒಂದಕ್ಕೆ ತಲೆಯೇ ಇರಲಿಲ್ಲ, ಯಾರ ಮನೆಯ ಮಗು ಕಚ್ಚಿತ್ತೋ. ಕೆಂಪರಾಜುವಿನ ಮಗಳು ಜಗಲಿಯ ಮೇಲೆ ಕೂತು, ಬಂದ ಬಂದವನ್ನು ಬಕೆಟ್ಟಿಗೆ ಹಾಕುತ್ತಿದ್ದಳು. ನಾನು ದೂರದಿಂದ ನೋಡಿ ವಾಪಸ್ಸು ಬಂದು, ಏನೂ ತಪ್ಪು ಮಾಡದ ಚಿಕ್ಕತಾಯಮ್ಮನನ್ನು ಬೈದೆ.

ಅದೇ ವಾರ ಎಂಟನೆಯ ಮುಖ ನಿಂತಿತು. ಹೊಂಬಾಳಯ್ಯ ಆ ಕಾಯಿಯನ್ನು ಮೇಜಿನ ಮೇಲೆ ಇಟ್ಟು, ತಮ್ಮ ಮಣೆಗೆ ಹೋಗಿ ಕೂತರು. ಅದು ಮೆಲ್ಲಗೆ ಒಂದು ಗೇಣು ಜರುಗಿ, ನಾನು ಕೂತಿದ್ದ ಕಡೆಯ ಅಂಚಿನ ಪಟ್ಟಿಗೆ ತಾಗಿ ನಿಂತಿತು. ಬೆಳಿಗ್ಗೆಯಿಂದ ಸಂಜೆಯ ತನಕ ಅಲ್ಲೇ. ಮೇಜು ಓರೆಯಾಗಿರಬೇಕು ಎಂದುಕೊಂಡು ಕಾಲಿನ ಕೆಳಗೆ ಒಂದು ಮರದ ಚಕ್ಕೆ ಕೊಟ್ಟೆ. ಆಗಲೂ ಅದೇ ಪಟ್ಟಿಗೆ ತಾಗಿ ನಿಂತಿತು. ಕೊನೆಗೂ ಯಾರದೂ ಅಲ್ಲದ ಮುಖ ಸಿಕ್ಕಿತು ಎಂದು ಕೈ ತಟ್ಟಿದೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಂತೋಷಕ್ಕೆ ಎಂದು ತಿಳಿದೆ. ನಿಂತಿದ್ದ ಮೂರು ಲೇತ್‌ಗಳೂ ಮತ್ತೆ ಓಡಿದವು. ಬೇಸಿಗೆ ರಜಕ್ಕೆ ಮೊದಲೇ ಆರುನೂರು ಡಬ್ಬಿ ಅಂಗಡಿಗಳಿಗೆ ಹೋದವು.

ಡಬ್ಬಿಗಳು ಅಂಗಡಿ ಸೇರಿದ ನಾಲ್ಕನೆಯ ದಿನ ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಾದಕ್ಕೆ ಏನೋ ತಾಗಿತು. ಬಗ್ಗಿ ನೋಡಿದರೆ ಕಾಯಿ. ಯಾರೋ ಬೀಳಿಸಿಕೊಂಡಿರಬೇಕು ಎಂದು ಚೀಲಕ್ಕೆ ಹಾಕಿಕೊಂಡೆ. ಎದ್ದರೆ ಎದುರಿನ ಸಾಲಿನಲ್ಲಿ ಮತ್ತೆ ಎರಡು, ಈರುಳ್ಳಿ ರಾಶಿಯನ್ನು ಸುತ್ತಿ ಬರುತ್ತಿದ್ದವು. ನಾನು ಬಲಕ್ಕೆ ಹೋದರೆ ಬಲಕ್ಕೆ ತಿರುಗಿದವು. ಬೇಗ ಬೇಗ ನಡೆದೆ, ಬೇಗ ಬೇಗ ಬಂದವು. ತರಕಾರಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಕಾರ್ಖಾನೆಗೆ ಓಡಿಬಂದು ಬಾಗಿಲು ಹಾಕಿಕೊಂಡೆ. ಹೊರಗಿನಿಂದ ಟಿಕ್ ಟಿಕ್ ಎಂದು ಬಾಗಿಲಿಗೆ ತಾಗತೊಡಗಿದವು.

“ಯಾಕೆ ನನ್ನ ಹಿಂದೆ ಬರ್ತವೆ ಇವು?” ಎಂದು ಕೂಗಿದೆ.

ಚಿಕ್ಕತಾಯಮ್ಮ ಬಂದು, ನನ್ನ ಚೀಲದಿಂದ ಒಂದು ಕಾಯಿ ತೆಗೆದು ಕಣ್ಣ ಮುಂದೆ ಹಿಡಿದಳು. “ಸರಿಯಾಗಿ ನೋಡಿ ಅಕ್ಕ. ಅದು ನೀವೇ ಕಣಕ್ಕ.”

ಹುಬ್ಬು ಗಂಟು. ಸೊಂಟಕ್ಕೆ ಸಿಕ್ಕಿಸಿದ ಸೆರಗು. ಒಂದು ಕೈ ಸೊಂಟದ ಮೇಲೆ. ಯಾರನ್ನೋ ಬೈಯಲು ತೆರೆದ ಬಾಯಿ. ಒಂದು ತಿಂಗಳು ನನ್ನ ಮೇಜಿನ ಮೇಲೆ, ನನ್ನ ಮುಂದೆಯೇ ನಿಂತಿತ್ತು. ನಮ್ಮ ಮನೆಯ ಕನ್ನಡಿಯನ್ನು ನಾನು ಬೈತಲೆ ತೆಗೆಯುವಷ್ಟು ಮಾತ್ರ ನೋಡುವವಳು. ಅದರಲ್ಲಿ ಈ ಹೆಂಗಸು ಕಂಡಿರಲಿಲ್ಲ.

“ಹೊಂಬಾಳಯ್ಯ!” ಎಂದೆ.

“ನಿಮಗೆ ಗೊತ್ತಾಗೇ ಸುಮ್ಮನಿದ್ದೀರಿ ಅಂದ್ಕಂಡೆ ಅಮ್ಮ,” ಎಂದರು ಅವರು ಮಣೆಯಿಂದ ಏಳದೆ. “ಕಾಯಿ ನಿಮ್ಮ ಕಡೆ ಬಂದು ನಿಂತಾಗ ಕೈ ತಟ್ಟಿದ್ರಿ. ಅದೇ ಅಪ್ಪಣೆ ಅಂದ್ಕಂಡೆ.”

ಬೈಯಬೇಕಿತ್ತು. ಆದರೆ ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಬೇರೆಯವರ ಅಪ್ಪಣೆಗೆ ಊರೆಲ್ಲ ಅಲೆದವಳು ನಾನು. ಇದು ನನ್ನದೇ ಅಪ್ಪಣೆ, ಮೇಜಿನ ಡ್ರಾಯರಿನಲ್ಲೇ ಖಾಲಿ ಚೀಟಿ ಇದೆ. ತೆಗೆದು ಬರೆದೆ, ಸಹಿ ಹಾಕಿದೆ. “ಆಯ್ತು, ಹೋಗಿ ಕೆಲಸ ನೋಡಿ,” ಎಂದೆ. ಎಲ್ಲರೂ ಉಸಿರು ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ ಇಪ್ಪತ್ತು ಕಾಯಿ. ಮಧ್ಯಾಹ್ನಕ್ಕೆ ಅರವತ್ತು. ಕೊಂಡವರು ಖಾಲಿ ಡಬ್ಬಿ ಹಿಡಿದು ಬಂದು ಬಾಗಿಲಲ್ಲಿ ನಿಂತರು. ನಾನು ನೀರಿಗೆ ಹೋದರೆ ನಲ್ಲಿಯ ಹತ್ತಿರ ಬಂದವು, ಸೊಸೈಟಿಗೆ ಹೋದರೆ ಸಾಲಿನಲ್ಲಿ ನನ್ನ ಹಿಂದೆ ನಿಂತವು. ಅದರ ಮಾರನೆಯ ದಿನ ಬೆಳಿಗ್ಗೆ ಎದುರಿಗೆ ಸಿಕ್ಕ ಕೆಂಪರಾಜು ನಗಲಿಲ್ಲ, ಅಷ್ಟು ಒಳ್ಳೆಯವನು. “ನಾನು ಮನೆ ಮುಂದೆ ಮೆಟ್ಟಿಲು ಒಂದೂವರೆ ಅಡಿ ಎತ್ತರ ಮಾಡಿಸ್ದೆ ಅಕ್ಕ. ಹತ್ತೋಕಾಗದೆ ಕೆಳಗೇ ನಿಲ್ತವೆ, ಬಾಚ್ಕಳ್ಳೋದು ಸುಲಭ. ಗಾರೆಯವನನ್ನ ಕಳಿಸ್ಲಾ?” ಎಂದ. ನಾನು ಕಾರ್ಖಾನೆಯ ಕಡೆ ಹೊರಟೆ. ಹಿಂದೆ ಹನ್ನೊಂದು ಕಾಯಿ ಬಂದವು.

ಬರುವಾಗ ಗಾಣಿಗರ ಓಣಿಯ ಒಂದು ಜಗಲಿಯಲ್ಲಿ ನಾಲ್ಕು ಮಕ್ಕಳು ಆಡುತ್ತಿದ್ದರು. ಅವರ ಕಾಯಿಗಳನ್ನು ಓಡಿಹೋಗದ ಹಾಗೆ ದಾರ ಕಟ್ಟಿ ಕಾಲ್ಬೆರಳಿಗೆ ಸುತ್ತಿಕೊಂಡಿದ್ದರು. ಒಬ್ಬಳು ಕವಡೆ ಹಾಕಿದಳು. ಆರೂ ಬೋರಲು. ಟಕ್.

“ತಿಮ್ಮಾಜಿ ಮುಳುಗಿದ್ಲೋ!” ಎಂದು ನಾಲ್ವರೂ ಕಿರುಚಿ, ಒಬ್ಬರ ಮೇಲೆ ಒಬ್ಬರು ಬಿದ್ದು ನಕ್ಕರು. ತಲೆ ಎತ್ತಿದರೆ ನಾನು. ಮಕ್ಕಳು ಹಲಗೆ ಬಿಟ್ಟು ಒಳಗೆ ಓಡಿದವು. ದಾರ ಸಡಿಲಾದ ಕಾಯಿಗಳು ಜಗಲಿಯಿಂದ ನನ್ನ ಕಡೆ ಇಳಿದವು.

ಕಾರ್ಖಾನೆಗೆ ಬಂದು, ಹೊಂಬಾಳಯ್ಯನ ಮಣೆಯ ಮುಂದೆ ನಿಂತೆ. “ಆ ಗುಂಡಿ ಮುಚ್ಚಿ.”

“ಯಾವ ಗುಂಡಿ ಅಮ್ಮ?”

“ಹಲಗೆ ನಡುವಿಂದು. ಮುಳುಗೋದೇ ಬ್ಯಾಡ. ಆರೂ ಬೋರಲು ಬಿದ್ರೆ ಒಂದು ಸರದಿ ಸುಮ್ನೆ ಕೂತ್ಕಳ್ಳಿ, ಸಾಕು.”

ಅವರು ಕುಂಚವನ್ನು ಬಟ್ಟಲಿನ ಅಂಚಿಗೆ ಒರೆಸಿದರು. “ಮುಳುಗಲ್ಲ ಅಂತ ಗೊತ್ತಿರೋ ದೋಣಿ ನೋಡೋಕೆ ಯಾರಮ್ಮ ದಡದಲ್ಲಿ ನಿಲ್ತಾರೆ? ಆ ಗುಂಡಿ ಇಲ್ಲಾಂದ್ರೆ ಅದು ಆಟ ಅಲ್ಲ, ಕುಂಬಳಕಾಯಿ ಸಾಗಣೆ.”

“ನನ್ನ ಮುಖ ಅದು!”

“ಹೌದು. ಕೆಂಪರಾಜುಗೆ ಮುತ್ತಜ್ಜಿ ಮುಖ. ಅವನು ಹೇಳಿದಾಗ ನೀವು ಹೊಸಿಲು ಒದ್ದು ಬಂದ್ರಿ.”

ಅವರು ಅದನ್ನೂ ನಗುತ್ತಲೇ ಹೇಳಿದರು. ಆ ನಗು ನೋಡಿ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. ಹತ್ತೊಂಬತ್ತು ವರ್ಷ ‘ನೀವು’ ಎಂದು ಬೈದವಳು ಅಂದು ಬದಲಾದೆ. “ನನ್ನ ಉಪ್ಪು ತಿಂದು ನನ್ನನ್ನೇ ಗುಂಡಿಗೆ ಹಾಕ್ತೀಯಾ? ಇಷ್ಟು ವರ್ಷ ಕಿಟಕಿ ಪಕ್ಕ ಕೂತ್ಕಂಡು ಇದನ್ನೇ ಕಾಯ್ತಿದ್ಯಾ, ಇವಳು ಯಾವಾಗ ಮುಳುಗ್ತಾಳೆ ನೋಡೋಣ ಅಂತ?”

ಲೇತ್‌ಗಳ ಸದ್ದು ನಿಂತಿತು. ಹೆಂಗಸರು ಕೈಯಲ್ಲಿದ್ದದ್ದನ್ನು ಕೈಯಲ್ಲೇ ಹಿಡಿದು ನಿಂತರು. ಹೊಂಬಾಳಯ್ಯನ ಮುಖದಲ್ಲಿ ನಗು ಇರಲಿಲ್ಲ. ಅದಿಲ್ಲದ ಆ ಮುಖವನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

“ಮುಳುಗೋದನ್ನ ನೋಡ್ಲಿಲ್ಲಮ್ಮ ನಾನು,” ಎಂದರು. “ಹದಿನಾಲ್ಕು ಮನೆ ದಾಟಿಸೋದನ್ನ ನೋಡ್ದೆ. ಅದನ್ನೇ ಬರೆದೆ.”

“ಬರೀ ಅಂತ ನಿನಗ್ಯಾರು ಹೇಳಿದ್ರು? ಎದ್ದು ಹೋಗು.”

ಅವರು ಕುಂಚವನ್ನು ತೊಳೆದು, ತಲೆಕೆಳಗಾಗಿ ಡಬ್ಬಿಯಲ್ಲಿ ನಿಲ್ಲಿಸಿದರು. ಮೊಣಕಾಲು ಹಿಡಿದು ಎದ್ದರು. ಬಾಗಿಲ ಹತ್ತಿರ ಚಪ್ಪಲಿ ಹುಡುಕುವಾಗ ಹೊಸಿಲ ಮೇಲೆ ಗುಂಪಾಗಿದ್ದ ಕಾಯಿಗಳನ್ನು ಕಾಲಿಗೆ ಸಿಗದ ಹಾಗೆ ಒಂದು ಬದಿಗೆ ಸರಿಸಿ, ದಾರಿ ಮಾಡಿಕೊಂಡು ಹೋದರು. ಆಗ ಹನ್ನೊಂದು ಗಂಟೆ ಇರಬೇಕು. ಊಟಕ್ಕೆ ಬಂದುಬಿಡುತ್ತಾರೆ ಎಂದುಕೊಂಡೆ. ಬರಲಿಲ್ಲ. ಸಂಜೆ ಕುಂಬಾರಗೇರಿಗೆ ಹೋದೆ. ಕೋಣೆಯ ಬೀಗದ ಕೈ ಮನೆಯೊಡೆಯನ ಹತ್ತಿರ ಇತ್ತು. “ಮಧ್ಯಾಹ್ನವೇ ಬಾಡಿಗೆ ಮುಗಿಸಿ ಹೋದ್ರಲ್ಲ,” ಎಂದ ಆತ. “ಎಲ್ಲಿಗೆ ಅಂದೆ. ನೋಡೋಣ ಅಂದ್ರು.”

ಮೂರು ದಿನ ಹೀಗೇ ಕಳೆಯಿತು. ನಾನು ಬಸ್ ನಿಲ್ದಾಣಕ್ಕೆ ಹೋಗಿ ಬಂದೆ, ಹೊಳೆಯ ದಡಕ್ಕೆ ಹೋಗಿ ಬಂದೆ, ಯಾರನ್ನು ಕೇಳಿದರೂ ನೋಡಿಲ್ಲ ಎಂದರು. ನನ್ನ ಹಿಂದೆ ಬರುವ ಕಾಯಿಗಳು ಈಗ ನೂರು ದಾಟಿದ್ದವು. ಮೂರನೆಯ ದಿನ ಹೆಂಗಸರು ಊಟಕ್ಕೆ ಹೋದಾಗ ಒಂದು ಹಲಗೆ ಎಳೆದುಕೊಂಡು, ಅವರ ಮಣೆಯ ಮೇಲೆ ಕೂತು, ಒಬ್ಬಳೇ ಎರಡೂ ಕಡೆಯ ಆಟ ಆಡತೊಡಗಿದೆ. ಕುಂಬಳಕಾಯಿ ದಾಟಿಸಿದೆ. ಟ್ರಂಕು ದಾಟಿಸಿದೆ. ಮೇಕೆಯನ್ನು ನಡು ಹೊಳೆಯ ತನಕ ತಂದಿದ್ದೆ. ಇನ್ನು ಐದೇ ಮನೆ. ಕವಡೆ ಕುಲುಕುವಾಗ ಬೋರಲು ಬೀಳದಿರಲಿ, ಬೀಳದಿರಲಿ ಎಂದು ಬಾಯಲ್ಲೇ ಅನ್ನುತ್ತಿದ್ದೆ. ಆರೂ ಬೋರಲು ಬಿದ್ದವು. ಸೊಂಟಕ್ಕೆ ಕೈಯಿಟ್ಟು ಬೈಯುತ್ತಿದ್ದ ಆ ಹೆಂಗಸನ್ನು ಎತ್ತಿ ಗುಂಡಿಗೆ ಹಾಕಿದೆ. ಟಕ್ ಎಂದಿತು. “ಥೂ, ಇನ್ನೈದು ಮನೆ ಇತ್ತಲ್ಲೇ!” ಎಂದು ಜೋರಾಗಿ ಕೂಗಿ, ಮತ್ತೊಮ್ಮೆ ಆಡಲು ಕಾಯಿ ಜೋಡಿಸಿದೆ. ಸಂಜೆ ಬಾಗಿಲು ತೆಗೆದಾಗ ಹೊಸಿಲಿನ ಕಾಯಿಗಳು ಅಲ್ಲಾಡದೆ ನಿಂತಿದ್ದವು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಒಂದೂ ನನ್ನ ಕಡೆ ಬರಲಿಲ್ಲ. ಕೊಂಡವರು ಬಂದು ತಮ್ಮ ತಮ್ಮ ಕಾಯಿ ಆರಿಸಿಕೊಂಡು ಹೋದರು.

ಅವತ್ತು ಹೆಂಗಸರು ಎಲ್ಲರಿಗೂ ಬೆಲ್ಲ ಹಂಚಿದರು. ಬೆಲ್ಲ ಬಾಯಲ್ಲಿ ಇಟ್ಟುಕೊಂಡೇ ಚಿಕ್ಕತಾಯಮ್ಮ ಕೇಳಿದಳು: “ಅಕ್ಕ, ಹೊಂಬಾಳಯ್ಯನೋರ ಅಪ್ಪಣೆ ಚೀಟಿ ಎಲ್ಲಿಟ್ಟಿದ್ದೀರಿ?”

“ಯಾವ ಚೀಟಿ?”

“ಆಟ ಕಟ್ಟಿದ್ದಕ್ಕೆ. ಸೀಬೇಗೌಡರ ಹತ್ರ ಆಟ ಕಟ್ಟೋನು ಜಗಳ ಆಡ್ಕಂಡು ಹೋದಾಗ ಹಲಗೆಗಳೆಲ್ಲ ಅವನ ಬಸ್ಸಿನ ಹಿಂದೆ ಓಡಿದ್ವಲ್ಲ ಅಕ್ಕ. ಮುಖ ಯಾರದಾದ್ರೂ ಆಗ್ಲಿ, ಹಲಗೆ ಕಟ್ಟಿದೋರದೇ ಅಲ್ವಾ?”

ಚೀಟಿ ಇರಲಿಲ್ಲ. ಊರಿನವರ ಹತ್ತಿರವೆಲ್ಲ ಬರೆಸಿಕೊಂಡಿದ್ದೆ, ಮೇಕೆಯ ಪುಟ್ಟಮಾದಿಯನ್ನೂ ಬಿಟ್ಟಿರಲಿಲ್ಲ. ಕಿಟಕಿಯ ಪಕ್ಕ ಕೂತವರನ್ನು ಒಂದು ಮಾತು ಕೇಳಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂಬತ್ತು ಆಟ, ಅಷ್ಟೂ ಅವರವೇ. ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ ಹಲಗೆಗಳನ್ನು ಹೆಂಗಸರು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಒಬ್ಬಳು ಹೋಗಿ ಹಗ್ಗ ತಂದಳು. ಇನ್ನೊಬ್ಬಳು ಬಾಗಿಲು ಹಾಕಿದಳು.

ನಾನು ಹಗ್ಗ ಕಿತ್ತು ಎಸೆದೆ. ಬಾಗಿಲನ್ನು ಅಗಲವಾಗಿ ತೆಗೆದು, ಇಟ್ಟಿಗೆ ಕೊಟ್ಟೆ. ಹಲಗೆಗಳನ್ನು ಗೂಡಿನಿಂದ ಇಳಿಸಿ ನೆಲದ ಮೇಲೆ ಒಂದೊಂದಾಗಿ ಹಾಸಿದೆ, ಜರುಗಲು ಯಾವ ಅಡ್ಡಿಯೂ ಇರದ ಹಾಗೆ.

“ನಿಮಗೆ ತಲೆ ಕೆಟ್ಟಿದ್ಯಾ ಅಕ್ಕ?” ಎಂದಳು ಚಿಕ್ಕತಾಯಮ್ಮ. “ಅವು ಹೋದ್ರೆ ನಾವು ಇಟ್ಟಿಗೆ ಗೂಡಿಗೇ.”

“ಹೋದ್ರೆ ನಾನೂ ಹಿಂದೆ ಹೋಗ್ತೀನಿ. ಎಲ್ಲಿ ನಿಲ್ತವೋ ಅಲ್ಲಿ ಆ ಮನುಷ್ಯ ಇರ್ತಾನೆ. ಕರ್ಕೊಂಡು ಬರ್ತೀನಿ.”

ಚಪ್ಪಲಿ ಮೆಟ್ಟಿಕೊಂಡು ಹೊಸಿಲ ಮೇಲೆ ಕೂತೆ. ಮಾರನೆಯ ದಿನವೂ ಕೂತೆ. ಅಂಗಡಿಯವರು ಬಂದು ಇನ್ನೂ ಇನ್ನೂರು ಡಬ್ಬಿ ಬೇಕು ಎಂದು ಹೇಳಿ ಹೋದರು. ಲೇತ್‌ಗಳು ಓಡುತ್ತಿದ್ದವು. ಒಳಗೆ ಚಿಕ್ಕತಾಯಮ್ಮ ನನ್ನ ಮುಖಕ್ಕೆ ಹುಬ್ಬು ಬರೆಯುವುದನ್ನು ಕಲಿಯುತ್ತಿದ್ದಳು. ಐದನೆಯ ದಿನ ಅವಳು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲಿನ ಹಲಗೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನೋಡಿದಳು.

“ಒಂದೂ ಕದಲಿಲ್ಲ ಅಕ್ಕ. ಮನಸಾರೆ ಬಿಟ್ಟುಕೊಟ್ಟೇ ಹೋಗವ್ರೆ. ಇನ್ನು ಭಯ ಇಲ್ಲ, ಎತ್ತಿಡ್ಲಾ?”

ನಾನು ಬೇಡ ಎಂದೆ. ಅವಳು ಒಳಗೆ ಹೋದ ಮೇಲೆ, ಬಾಗಿಲಿಗೆ ಹತ್ತಿರವಿದ್ದ ಹಲಗೆಯ ಮೇಲೆ ಕೈಯಿಟ್ಟು ಬೀದಿಯ ಕಡೆಗೆ ತಳ್ಳಿದೆ. ತಳ್ಳಿದಷ್ಟು ಹೋಯಿತು, ನಿಂತಿತು.